ತುರ್ತು ಚಿಕಿತ್ಸೆಯ ವೈದ್ಯರನ್ನು ಆರಿಸುವುದು ಯಾವಾಗ?

ರಾತ್ರಿ ಎರಡು ಗಂಟೆ. ಮನೆಯ ಹಿರಿಯರೊಬ್ಬರ ಬಾಯಿ ಒಂದು ಕಡೆಗೆ ಸೊಟ್ಟಗಾಗಿದೆ, ಬಲಗೈ ಮೇಲೇಳದು, ಮಾತು ತೊದಲುತ್ತಿದೆ. ಒಳ್ಳೆಯ ವೈದ್ಯರನ್ನು ಹುಡುಕಲು ಆಗ ನಮಗಿರುವ ಕಾಲಾವಕಾಶವೆಷ್ಟು?

ಇವು ಪಾರ್ಶ್ವವಾಯುವಿನ ಲಕ್ಷಣಗಳು. ಬಹುಪಾಲು ರೋಗಿಗಳಲ್ಲಿ ಮಿದುಳಿನ ರಕ್ತನಾಳವೊಂದನ್ನು ಹೆಪ್ಪುಗಟ್ಟಿದ ರಕ್ತವು ಮುಚ್ಚಿರುತ್ತದೆ. ಆಮ್ಲಜನಕ ದೊರೆಯದ ನರಕೋಶಗಳು ಸಾಯತೊಡಗುತ್ತವೆ. ದೊಡ್ಡ ನಾಳವೊಂದು ಮುಚ್ಚಿದಾಗ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುವುವೆಂದು 2006ರಲ್ಲಿ ಅಂದಾಜು ಮಾಡಲಾಯಿತು. ಹೆಪ್ಪನ್ನು ಕರಗಿಸುವ ಔಷಧವುಂಟು; ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಏಕೆಂದರೆ ನಾಳವು ಒಡೆದು ರಕ್ತ ಸೋರುತ್ತಿದ್ದರೆ ಅದೇ ಔಷಧವು ಪ್ರಾಣಕ್ಕೆ ಎರವಾದೀತು.

ಹಾಗಾದರೆ ಹತ್ತಿರದ ಆಸ್ಪತ್ರೆಯೇ ಸರಿಯಾದ ಆಸ್ಪತ್ರೆಯೆ? ಒಂದು ಸಣ್ಣ ಲೆಕ್ಕ ಮಾಡೋಣ. ಸ್ಕ್ಯಾನ್ ಇಲ್ಲದ ಆಸ್ಪತ್ರೆಯು 10 ನಿಮಿಷದ ದಾರಿ. ಸ್ಕ್ಯಾನ್ ಇರುವ ಆಸ್ಪತ್ರೆಯು 25 ನಿಮಿಷದ ದಾರಿ ಎಂದು ಭಾವಿಸೋಣ. ಮೊದಲನೆಯದಕ್ಕೆ ಹೋಗಿ, ಅಲ್ಲಿ 20 ನಿಮಿಷ ಕಳೆದು, ಮತ್ತೆ 25 ನಿಮಿಷ ಪಯಣಿಸಿದರೆ ಒಟ್ಟು 55 ನಿಮಿಷಗಳಾದವು. ನೇರವಾಗಿ ಹೋದವರಿಗೆ 30 ನಿಮಿಷಗಳ ಉಳಿತಾಯ. ಎಂದರೆ ಸುಮಾರು 5 ಕೋಟಿ 70 ಲಕ್ಷ ನರಕೋಶಗಳು! ಆದರೆ ಉಸಿರು ನಿಂತಾಗ, ರಕ್ತವು ಧಾರೆಯಾಗಿ ಹರಿಯುವಾಗ ಈ ಲೆಕ್ಕ ಸಲ್ಲದು. ಆಗ ಹತ್ತಿರದ ಆಸ್ಪತ್ರೆಯೇ ಲೇಸು.

ಆದುದರಿಂದ ಆಯ್ಕೆಯನ್ನು ಆರೋಗ್ಯವಾಗಿರುವಾಗಲೇ ಮಾಡಿರಬೇಕು. ತುರ್ತು ವಿಭಾಗದಲ್ಲಿ ವೈದ್ಯರು ಪಾಳಿಯಂತೆ ಕೆಲಸ ಮಾಡುವರು. ನಮಗೆ ಬೇಕಾದವರೇ ಆ ಹೊತ್ತಿನಲ್ಲಿ ಇರುವರೆಂಬ ಭರವಸೆಯಿಲ್ಲ. ಹೀಗಾಗಿ ನಾವು ಆರಿಸಬೇಕಾದುದು ವ್ಯಕ್ತಿಯನ್ನಲ್ಲ, ವಿಭಾಗವನ್ನು. ಇಡೀ ಕಾಲ ತುರ್ತು ಚಿಕಿತ್ಸೆಗೇ ಮೀಸಲಾದ ವೈದ್ಯರ ಪದ್ಧತಿಯು 1961ರಲ್ಲಿ ಅಮೆರಿಕದ ಅಲೆಕ್ಸಾಂಡ್ರಿಯಾ ನಗರದಲ್ಲಿ ನಾಲ್ವರು ವೈದ್ಯರಿಂದ ಬಳಕೆಗೆ ಬಂದಿತು. ಭಾರತೀಯ ವೈದ್ಯಕೀಯ ಪರಿಷತ್ತು ಇದನ್ನು ಪ್ರತ್ಯೇಕ ಶಾಖೆಯೆಂದು ಮನ್ನಿಸಿದ್ದು 2009ರಲ್ಲಿ. ಈ ಶಾಖೆಯಲ್ಲಿ ಎಂ.ಡಿ. ಅಥವಾ ಡಿ.ಎನ್.ಬಿ. ಪಡೆದವರು ವಿಭಾಗದಲ್ಲಿರುವರೆ? ರಾತ್ರಿಯೂ ವೈದ್ಯರು ಅಲ್ಲಿಯೇ ಇರುವರೆ, ಕರೆದ ಮೇಲೆ ಬರುವರೆ? ಸ್ಕ್ಯಾನ್, ರಕ್ತನಿಧಿ, ಹೃದಯನಾಳದ ಅಡಚಣೆಯನ್ನು ತೆರೆಯುವ ಸೌಕರ್ಯ, ಇವು ಹಗಲಿರುಳೂ ದೊರೆಯುವುವೆ? ಈ ಪ್ರಶ್ನೆಗಳನ್ನು ಮೊದಲೇ ಕೇಳಿ ತಿಳಿಯಬಹುದು.

ಅಲ್ಲಿ ಸರತಿಯು ಬಂದವರ ಕ್ರಮದಂತೆ ನಡೆಯದು; ಹೆಚ್ಚು ಅಪಾಯದಲ್ಲಿರುವವರಿಗೆ ಮೊದಲ ಸ್ಥಾನ. ಕೈಮೂಳೆ ಮುರಿದವರು ಕಾಯುತ್ತಿರುವಾಗ ನಮ್ಮ ಹಿರಿಯರನ್ನು ಒಳಕ್ಕೆ ಕರೆದೊಯ್ಯುವುದು ಪಕ್ಷಪಾತವಲ್ಲ, ವಿವೇಕ. ಪೋಲೀಸರ ಕಾಗದಪತ್ರಕ್ಕಾಗಿ ಗಾಯಾಳುವಿನ ಚಿಕಿತ್ಸೆಯನ್ನು ತಡೆಯಕೂಡದೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ತೀರ್ಪಿತ್ತಿದೆ.

ಈ ವಾರವೇ ಮನೆಯವರೊಡನೆ ಕುಳಿತು ಎರಡು ಆಸ್ಪತ್ರೆಗಳನ್ನು ಗೊತ್ತುಮಾಡಿಕೊಳ್ಳೋಣ. ಅವುಗಳ ಹೆಸರಿನೊಡನೆ 108 ಮತ್ತು 112 ಎಂಬ ಸಂಖ್ಯೆಗಳನ್ನೂ ಗೋಡೆಯ ಮೇಲೆ ಬರೆದಿಡೋಣ. ಹೊರಡುವಾಗ ರೋಗಿಯು ಕೊನೆಯದಾಗಿ ಸ್ವಸ್ಥರಾಗಿದ್ದ ವೇಳೆಯನ್ನು ಗುರುತುಹಾಕಿಕೊಳ್ಳಲು ಮರೆಯದಿರೋಣ. ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು. ಆ ನಾಲ್ಕೂವರೆ ಗಂಟೆಗಳ ಎಣಿಕೆ ಮೊದಲಾಗುವುದು ಅಲ್ಲಿಂದಲೇ.