ಲ್ಯಾಪ್‌ಟಾಪ್ ಚಾರ್ಜ್ ಆಗ್ತಿಲ್ವಾ? ಹೊಸ ಬ್ಯಾಟರಿ ಕೊಳ್ಳುವ ಮುನ್ನ ಈ ಐದು ಕಡೆ ನೋಡಿ

ಬೆಂಗಳೂರು: ಸಂಜೆ ಮಳೆ ಶುರುವಾದರೆ ಕೆ.ಆರ್. ಪುರದಲ್ಲಾಗಲಿ, ಹಲಸೂರಿನಲ್ಲಾಗಲಿ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ. ಆ ಹೊತ್ತಲ್ಲಿ ಲ್ಯಾಪ್‌ಟಾಪ್ ಹತ್ತು ನಿಮಿಷವೂ ನಿಲ್ಲದೆ ಆಫ್ ಆದರೆ, ಮನೆಯಿಂದ ಆಫೀಸ್ ಕೆಲಸ ಮಾಡುವವರಿಗೂ ಆನ್‌ಲೈನ್ ಪರೀಕ್ಷೆ ಬರೆಯುವ ಮಕ್ಕಳಿಗೂ ಅದು ದೊಡ್ಡ ತಲೆನೋವು. ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಬ್ಯಾಟರಿ ಹೋಗಿದೆ ಸಾರ್, ಚೇಂಜ್ ಮಾಡ್ಬೇಕು.’

ಅದು ನಿಜವೂ ಇರಬಹುದು. ಆದರೆ ಗೋಡೆಯ ಸಾಕೆಟ್, ಅಡಾಪ್ಟರ್, ಪಿನ್ ಚುಚ್ಚುವ ಜಾಗ, ಸೆಟ್ಟಿಂಗ್ ಇವುಗಳಲ್ಲಿ ಯಾವುದು ಕೈಕೊಟ್ಟರೂ ಲಕ್ಷಣ ಒಂದೇ ಥರ ಕಾಣುತ್ತದೆ. ದುಡ್ಡು ಕೊಟ್ಟು ಹೊಸ ಬ್ಯಾಟರಿ ಹಾಕಿಸಿದ ಮೇಲೂ ತೊಂದರೆ ಹಾಗೇ ಉಳಿದರೆ? ಅದಕ್ಕೇ ಮನೆಯಲ್ಲೇ ಅರ್ಧ ಗಂಟೆ ಪರೀಕ್ಷೆ ಮಾಡಿ ನೋಡುವುದು ಒಳ್ಳೆಯದು.

ಮೊದಲು ಇದನ್ನು ಗಮನಿಸಿ: ಬ್ಯಾಟರಿ ಉಬ್ಬಿದೆಯೇ?

ಟಚ್‌ಪ್ಯಾಡ್ ಮೇಲೆದ್ದಂತೆ ಕಾಣುತ್ತಿದೆಯೇ? ಕ್ಲಿಕ್ ಆಗುತ್ತಿಲ್ಲವೇ? ಮೇಜಿನ ಮೇಲೆ ಇಟ್ಟರೆ ಲ್ಯಾಪ್‌ಟಾಪ್ ಸಮನಾಗಿ ಕೂರದೆ ಅಲ್ಲಾಡುತ್ತಿದೆಯೇ? ಹಾಗಿದ್ದರೆ ಒಳಗೆ ಬ್ಯಾಟರಿ ಉಬ್ಬಿರುವ ಸಾಧ್ಯತೆ ಹೆಚ್ಚು. ಮುಂದಿನ ಯಾವ ಪರೀಕ್ಷೆಯೂ ಬೇಡ. ಚಾರ್ಜರ್ ತೆಗೆದು, ಆಫ್ ಮಾಡಿ, ಹಾಸಿಗೆ, ಸೋಫಾ, ಪುಸ್ತಕಗಳಿಂದ ದೂರ ಬರಿ ನೆಲದ ಮೇಲೆ ಇಡಿ. ಒತ್ತಿ ಸರಿ ಮಾಡಲು, ಚುಚ್ಚಿ ಗಾಳಿ ತೆಗೆಯಲು ಹೋಗಲೇಬೇಡಿ. ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹತ್ತಿಕೊಳ್ಳಬಹುದು. ಹೊಗೆ ಬಂದರೆ ಹೊರಗೆ ಹೋಗಿ 112ಕ್ಕೆ ಕರೆ ಮಾಡಿ.

1. ಗೋಡೆಯ ಸಾಕೆಟ್

ಬೇರೆ ರೂಮಿನ ಸಾಕೆಟ್‌ಗೆ ನೇರವಾಗಿ ಚುಚ್ಚಿ ನೋಡಿ. ಪಿಜಿಗಳಲ್ಲಿ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಇಂಡಕ್ಷನ್ ಸ್ಟವ್, ಮೊಬೈಲ್, ಲ್ಯಾಪ್‌ಟಾಪ್ ಎಲ್ಲಾ ಹಾಕಿರುತ್ತಾರೆ. ಪಿನ್ ಸಡಿಲವಾಗಿದ್ದರೆ ಚಾರ್ಜ್ ಬಂದು ಹೋಗಿ ಆಗುತ್ತದೆ.

ಕಂಟೋನ್ಮೆಂಟ್ ಕಡೆಯ ಹಳೇ ಮನೆಗಳಲ್ಲಿ ಇನ್ನೊಂದು ಸಮಸ್ಯೆ ಇರಬಹುದು, ಅರ್ಥಿಂಗ್. ಚಾರ್ಜ್‌ಗೆ ಹಾಕಿದಾಗ ಲ್ಯಾಪ್‌ಟಾಪ್‌ನ ಲೋಹದ ಮೈ ಮುಟ್ಟಿದರೆ ‘ಜುಮ್’ ಅಂದರೆ ಅರ್ಥ್ ಸರಿಯಾಗಿಲ್ಲದಿರಬಹುದು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ ಸಾಕೆಟ್‌ಗೆ ಹೇಗೋ ಸಿಕ್ಕಿಸಿ ಬಳಸಬೇಡಿ, ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಇಡೀ ಬೀದಿಯಲ್ಲೇ ವೋಲ್ಟೇಜ್ ಏರುಪೇರು ಇದ್ದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ದೂರು ಕೊಡಿ.

2. ಅಡಾಪ್ಟರ್ ಮತ್ತು ಕೇಬಲ್

ಅಡಾಪ್ಟರ್ ಮೇಲೆ ‘ಔಟ್‌ಪುಟ್’ ಎಂಬ ಸಾಲು ಇರುತ್ತದೆ. ಅಲ್ಲಿ 19.5 ವೋಲ್ಟ್, 3.33 ಆಂಪಿಯರ್ ಎಂದಿದ್ದರೆ ಎರಡನ್ನೂ ಗುಣಿಸಿ: ಸುಮಾರು 65 ವ್ಯಾಟ್. ಸ್ನೇಹಿತರ ಅಡಾಪ್ಟರ್ ತಂದು ಪರೀಕ್ಷಿಸುವಾಗ ಪಿನ್ ಮತ್ತು ವೋಲ್ಟ್ ಒಂದೇ ಇರಬೇಕು. ಆಂಪಿಯರ್ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು.

ಕೆಲವು ಕಂಪನಿಗಳ ಪಿನ್ ಮಧ್ಯೆ ಸಣ್ಣ ಸೂಜಿಯಂಥ ಕಡ್ಡಿ ಇರುತ್ತದೆ. ಅಡಾಪ್ಟರ್ ಯಾವುದು, ಎಷ್ಟು ವ್ಯಾಟ್‌ನದು ಎಂದು ಲ್ಯಾಪ್‌ಟಾಪ್‌ಗೆ ತಿಳಿಸುವುದು ಅದೇ. ಅದು ಬಾಗಿದರೆ ಲ್ಯಾಪ್‌ಟಾಪ್ ಓಡುತ್ತದೆ, ಬ್ಯಾಟರಿ ಮಾತ್ರ ತುಂಬಲ್ಲ. ಬ್ಯಾಟರಿ ಹೋಗಿದೆ ಅಂತ ಜನ ತಪ್ಪು ತಿಳಿಯುವುದು ಇಲ್ಲೇ.

ಟೈಪ್-ಸಿ ಆದರೆ ಚಾರ್ಜರ್ ಜೊತೆ ಕೇಬಲ್ ಕೂಡ ಮುಖ್ಯ. 20–25 ವ್ಯಾಟ್‌ನ ಮೊಬೈಲ್ ಚಾರ್ಜರ್ ಹಾಕಿದರೆ ತುಂಬಾ ನಿಧಾನ ಚಾರ್ಜ್ ಆಗುತ್ತದೆ ಅಥವಾ ಆಗುವುದೇ ಇಲ್ಲ.

3. ಪಿನ್ ಚುಚ್ಚುವ ಜಾಗ

ಪಿನ್ ಅಲ್ಲಾಡಿಸಿದಾಗ ಮಾತ್ರ ಚಾರ್ಜ್ ಆದರೆ ಜ್ಯಾಕ್ ಸವೆದಿದೆ ಎಂದರ್ಥ. ದುಂಡು ಪಿನ್ನಿನ ಎಷ್ಟೋ ಮಾಡೆಲ್‌ಗಳಲ್ಲಿ ಜ್ಯಾಕ್ ಬೇರೆಯದೇ ಬಿಡಿಭಾಗ, ಸುಲಭವಾಗಿ ಬದಲಾಯಿಸಬಹುದು. ಟೈಪ್-ಸಿ ಪೋರ್ಟ್ ಹೆಚ್ಚಾಗಿ ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುವುದರಿಂದ ಬೋರ್ಡ್ ರಿಪೇರಿ ಗೊತ್ತಿರುವವರೇ ಬೇಕು. ಅದಕ್ಕೂ ಮುಂಚೆ, ಲ್ಯಾಪ್‌ಟಾಪ್ ಆಫ್ ಮಾಡಿ ಪೋರ್ಟ್‌ನಲ್ಲಿ ಧೂಳು ಕೂತಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಇದ್ದರೆ ಒಣ ಮರದ ಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಪಿನ್ನು, ಸೂಜಿ ಬೇಡ.

4. ಸೆಟ್ಟಿಂಗ್

ಚಾರ್ಜ್ 60 ಅಥವಾ 80 ಪರ್ಸೆಂಟ್‌ಗೆ ಬಂದು ನಿಂತುಬಿಡುತ್ತಿದೆಯೇ? ಅದು ದೋಷವೇ ಅಲ್ಲದಿರಬಹುದು. ಬ್ಯಾಟರಿ ಬೇಗ ಸವೆಯದಿರಲಿ ಎಂದು ಲೆನೊವೊ, ಏಸಸ್, ಡೆಲ್, ಎಚ್‌ಪಿ ಮೊದಲಾದ ಕಂಪನಿಗಳು ಚಾರ್ಜ್‌ಗೆ ಮಿತಿ ಹಾಕುವ ಸೌಲಭ್ಯ ಕೊಟ್ಟಿವೆ. ಕಂಪನಿಯದೇ ಆ್ಯಪ್‌ನಲ್ಲಿ ಅಥವಾ ಬಯೋಸ್‌ನಲ್ಲಿ ಅದನ್ನು ಆಫ್ ಮಾಡಿ ನೋಡಿ. ಆಗಲೂ ಸರಿಹೋಗದಿದ್ದರೆ ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ಬಿಡಿ. ನಂತರ ಚಾರ್ಜರ್ ಹಾಕಿ ಆನ್ ಮಾಡಿ.

5. ಕೊನೆಗೆ ಬ್ಯಾಟರಿ

ವಿಂಡೋಸ್‌ನಲ್ಲಿ ಬ್ಯಾಟರಿಯ ಜಾತಕವೇ ಸಿಗುತ್ತದೆ. ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್‌ನಲ್ಲಿ ‘ಪವರ್’ ಪದಕ್ಕೆ ಅಂಟಿಸಿ ಸಿ, ಎಫ್, ಜಿ ಅಕ್ಷರ ಬರೆಯಿರಿ. ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ‘ಬ್ಯಾಟರಿರಿಪೋರ್ಟ್’ ಎಂದು ಒಂದೇ ಪದವಾಗಿ ಟೈಪ್ ಮಾಡಿ ಎಂಟರ್ ಒತ್ತಿ. ವರದಿ ಎಲ್ಲಿ ಸೇವ್ ಆಯಿತು ಎಂದು ಅಲ್ಲೇ ತೋರಿಸುತ್ತದೆ.

ಅದರಲ್ಲಿ ‘ಡಿಸೈನ್ ಕೆಪಾಸಿಟಿ’ ಎಂದರೆ ಹೊಸದರಲ್ಲಿ ಇದ್ದ ಶಕ್ತಿ, ‘ಫುಲ್ ಚಾರ್ಜ್ ಕೆಪಾಸಿಟಿ’ ಎಂದರೆ ಈಗ ಉಳಿದಿರುವುದು. ಮೊದಲನೆಯದು 48,000, ಎರಡನೆಯದು 24,000 ಇದ್ದರೆ ಬ್ಯಾಟರಿ ಅರ್ಧ ಸವೆದಿದೆ. ಮ್ಯಾಕ್‌ಬುಕ್‌ನಲ್ಲಿ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ‘ಸರ್ವಿಸ್ ರೆಕಮೆಂಡೆಡ್’ ಎಂದು ಬಂದರೆ ಬದಲಾಯಿಸುವ ಸಮಯ ಬಂದಿದೆ.

ಚಾರ್ಜರ್ ತೆಗೆದ ಕೂಡಲೇ ಆಫ್ ಆಗುವುದು, 40 ಪರ್ಸೆಂಟ್ ತೋರಿಸುತ್ತಲೇ ಸತ್ತುಹೋಗುವುದು ಕೂಡ ಬ್ಯಾಟರಿ ಮುಗಿದ ಲಕ್ಷಣಗಳೇ.

ಹೊಸದು ಕೊಳ್ಳುವಾಗ

• ವಾರಂಟಿ ಇದ್ದರೆ ಮೊದಲು ಅಧಿಕೃತ ಸರ್ವಿಸ್ ಸೆಂಟರ್‌ಗೆ ಹೋಗಿ. ಲ್ಯಾಪ್‌ಟಾಪ್‌ಗೆ ಎರಡು-ಮೂರು ವರ್ಷ ವಾರಂಟಿ ಇದ್ದರೂ ಬ್ಯಾಟರಿಗೆ ಹೆಚ್ಚಾಗಿ ಒಂದೇ ವರ್ಷ ಇರುತ್ತದೆ, ಬಿಲ್ ನೋಡಿಕೊಳ್ಳಿ.

• ಲ್ಯಾಪ್‌ಟಾಪ್ ಮಾಡೆಲ್ ಹೇಳಿದರೆ ಸಾಲದು. ಒಂದೇ ಮಾಡೆಲ್‌ನಲ್ಲಿ ಎರಡು ಥರದ ಬ್ಯಾಟರಿ ಬಂದಿರುತ್ತವೆ. ಹಳೇ ಬ್ಯಾಟರಿ ಮೇಲಿನ ಪಾರ್ಟ್ ನಂಬರ್, ವೋಲ್ಟ್, ವ್ಯಾಟ್-ಅವರ್ ಫೋಟೊ ತೆಗೆದುಕೊಳ್ಳಿ.

• ಬಿಐಎಸ್ ಗುರುತು, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಲಿಥಿಯಂ ಬ್ಯಾಟರಿಗೆ ಇದು ಕಡ್ಡಾಯ. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ಅಂಗಡಿಯಲ್ಲೇ ಪರೀಕ್ಷಿಸಬಹುದು.

• ‘ಒರಿಜಿನಲ್ಲಾ, ಕಂಪ್ಯಾಟಿಬಲ್ಲಾ?’ ಎಂದು ನೇರವಾಗಿ ಕೇಳಿ. ಬಿಲ್‌ನಲ್ಲಿ ಅದನ್ನೂ ವಾರಂಟಿ ಅವಧಿಯನ್ನೂ ಬರೆಸಿ. ಮುಂದೆ ತಕರಾರಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲು ಬಿಲ್ ಬೇಕು.

ಇಂದಿರಾನಗರದ ಸುತ್ತಮುತ್ತ ಸಿಗದ ಹಳೇ ಮಾಡೆಲ್‌ನ ಬ್ಯಾಟರಿ ಬೇಕಾದರೆ ಎಸ್.ಪಿ. ರಸ್ತೆ ಇದ್ದೇ ಇದೆ. ಕೆ.ಆರ್. ಪುರ, ಇಂದಿರಾನಗರ, ಹಲಸೂರಿನಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ಮೆಜೆಸ್ಟಿಕ್‌ಗೆ ಹೋಗಿ, ಹಸಿರು ಮಾರ್ಗಕ್ಕೆ ಬದಲಾಯಿಸಿ ಚಿಕ್ಕಪೇಟೆಯಲ್ಲಿ ಇಳಿದರೆ ಅಲ್ಲಿಂದ ನಡೆದೇ ಹೋಗಬಹುದು. ಎರಡು-ಮೂರು ಅಂಗಡಿ ವಿಚಾರಿಸದೆ ಕೊಳ್ಳಬೇಡಿ.

ನಾವೇ ಹಾಕಬಹುದಾ?

ಹಿಂಬದಿ ಕವರ್ ಸ್ಕ್ರೂ ತೆಗೆದರೆ ಬಿಚ್ಚುವಂತಿದ್ದು, ಬ್ಯಾಟರಿ ಉಬ್ಬಿಲ್ಲದಿದ್ದರೆ ಹಾಕಬಹುದು. ಚಾರ್ಜರ್ ತೆಗೆದು, ಪೂರ್ತಿ ಆಫ್ ಮಾಡಿ, ಕವರ್ ಬಿಚ್ಚಿದ ತಕ್ಷಣ ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆಯಿರಿ. ವೈರ್ ಹಿಡಿದು ಎಳೆಯಬೇಡಿ, ಪ್ಲಾಸ್ಟಿಕ್ ಭಾಗ ಹಿಡಿಯಿರಿ. ಯಾವ ಸ್ಕ್ರೂ ಎಲ್ಲಿಯದು ಎಂದು ಫೋಟೊ ಇರಲಿ. ಉದ್ದದ ಸ್ಕ್ರೂ ತಪ್ಪು ಜಾಗಕ್ಕೆ ಹೋದರೆ ಬೋರ್ಡ್ ಹಾಳಾಗಬಹುದು. ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಿರುವ ಮ್ಯಾಕ್‌ಬುಕ್‌ನಂಥವನ್ನು ಗೊತ್ತಿರುವವರ ಕೈಗೇ ಕೊಡಿ. ಕೊಡುವ ಮುನ್ನ ಫೈಲ್‌ಗಳ ಬ್ಯಾಕಪ್ ಮಾಡಿಕೊಳ್ಳಿ.

ಹಳೇ ಬ್ಯಾಟರಿ ಏನು ಮಾಡೋದು?

ಕಸದ ಆಟೊಗೆ ಹಾಕಬೇಡಿ, ಗುಜರಿಗೂ ಕೊಡಬೇಡಿ. ಕಸದ ಲಾರಿಯಲ್ಲಿ ಒತ್ತಡಕ್ಕೆ ಸಿಕ್ಕರೆ ಅದು ಹೊತ್ತಿಕೊಳ್ಳಬಹುದು, ಅಪಾಯ ಪೌರಕಾರ್ಮಿಕರಿಗೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಕನೆಕ್ಟರ್‌ಗೆ ಟೇಪ್ ಸುತ್ತಿ, ಹೊಸದು ಕೊಂಡ ಅಂಗಡಿಯಲ್ಲೋ ಸರ್ವಿಸ್ ಸೆಂಟರ್‌ನಲ್ಲೋ ಇ-ತ್ಯಾಜ್ಯ ಸಂಗ್ರಹಿಸುವವರಿಗೋ ಕೊಡಿ. ‘ಹಳೇದು ವಾಪಸ್ ತಗೋತೀರಾ?’ ಎಂದು ಹೊಸದಕ್ಕೆ ದುಡ್ಡು ಕೊಡುವ ಮೊದಲೇ ಕೇಳಿ.