ಬಾಡಿಗೆ ಮನೆ: ‘ನಮ್ಮವರೇ’ ಆದರೂ ನೋಂದಣಿ ಬೇಕು

ನಿವೃತ್ತರಾಗಿ ಊರಿಗೆ ಹೊರಟವರು ಡೊಂಬಿವಲಿಯಲ್ಲೋ ಮೀರಾರೋಡಿನಲ್ಲೋ ಇರುವ ಫ್ಲ್ಯಾಟನ್ನು ಮಾರಲು ಮನಸ್ಸಾಗದೆ ಬಾಡಿಗೆಗೆ ಕೊಟ್ಟು ಹೋಗುವುದು ಮುಂಬಯಿ ಕನ್ನಡಿಗರಲ್ಲಿ ಹೊಸತೇನಲ್ಲ. ಬಾಡಿಗೆಗೆ ಬರುವವರೂ ಹೆಚ್ಚಾಗಿ ನಮ್ಮವರೇ. ಸಂಘದ ಕಾರ್ಯಕ್ರಮದಲ್ಲಿ ಪರಿಚಯವಾದವರು, ಇಲ್ಲವೇ ಪಕ್ಕದೂರಿನ ಹುಡುಗ. ‘ನಮ್ಮೊಳಗೆ ಕಾಗದಪತ್ರ ಯಾಕೆ ಮಾರಾಯ್ರೇ’ ಎಂಬ ಒಂದೇ ಮಾತಿನಲ್ಲಿ ಬೀಗದ ಕೈ ಕೈ ಬದಲಾಯಿಸುತ್ತದೆ. ತಕರಾರು ಏಳುವುದು ಎರಡು ಮೂರು ವರ್ಷ ಕಳೆದ ಮೇಲೆ, ಮಗನ ಮದುವೆಗೆಂದು ಮಾಲಕರಿಗೆ ಮನೆ ಬೇಕಾದಾಗ ಅಥವಾ ಬಾಡಿಗೆದಾರ ಡಿಪಾಸಿಟ್ ವಾಪಸು ಕೇಳಿದಾಗ.

ಈ ನಡುವೆ ಮೊಬೈಲಿನಲ್ಲಿ ಇನ್ನೊಂದು ಸುದ್ದಿ ಓಡಾಡುತ್ತಿದೆ: ‘ಹೊಸ ಬಾಡಿಗೆ ಕಾನೂನು ಬಂದಿದೆ, ಇನ್ನು ಎರಡು ತಿಂಗಳಿಗಿಂತ ಹೆಚ್ಚು ಡಿಪಾಸಿಟ್ ಕೇಳುವಂತಿಲ್ಲ.’ ಇದು ಅರ್ಧ ನಿಜ. ಕೇಂದ್ರ ಸಚಿವ ಸಂಪುಟವು 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯಿದೆಗೆ ಒಪ್ಪಿಗೆ ನೀಡಿದ್ದು ಹೌದು. ವಾಸದ ಮನೆಗೆ ಎರಡು ತಿಂಗಳ, ಅಂಗಡಿ-ಕಚೇರಿಗಳಿಗೆ ಆರು ತಿಂಗಳ ಬಾಡಿಗೆಯಷ್ಟೇ ಡಿಪಾಸಿಟ್. ಮಾಲಕ ಮನೆಯೊಳಗೆ ಬರಬೇಕಾದರೆ 24 ತಾಸು ಮುಂಚಿತವಾಗಿ ತಿಳಿಸಬೇಕು. ಜಗಳವಾಯಿತೆಂದು ನೀರು, ವಿದ್ಯುತ್ ಕಡಿಯುವಂತಿಲ್ಲ. ಅವಧಿ ಮುಗಿದರೂ ಬಾಡಿಗೆದಾರ ಮನೆ ಬಿಡದಿದ್ದರೆ ಮೊದಲ ಎರಡು ತಿಂಗಳು ಇಮ್ಮಡಿ, ಆಮೇಲೆ ನಾಲ್ಕು ಪಟ್ಟು ಬಾಡಿಗೆ ತೆರಬೇಕು. ಇವೆಲ್ಲ ಅದರಲ್ಲಿವೆ. ಆದರೆ ಹೆಸರೇ ಹೇಳುವಂತೆ ಅದು ಮಾದರಿ ಮಾತ್ರ. ರಾಜ್ಯವೊಂದು ತನ್ನ ಶಾಸನಸಭೆಯಲ್ಲಿ ಅಂಗೀಕರಿಸಿದ ಬಳಿಕವೇ ಅಲ್ಲಿ ಅದಕ್ಕೆ ಬಲ. ಮುಂಬಯಿಯಲ್ಲಿ ನಡೆಯುವುದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ.

ಈ ಕಾಯಿದೆಯ ಹಿಂದಿನ ಕತೆಯೂ ಸ್ವಾರಸ್ಯಕರ. 1947ರ ಮುಂಬಯಿ ಬಾಡಿಗೆ ಕಾಯಿದೆಯು ಬಾಡಿಗೆಯನ್ನು 1940ರ ಸೆಪ್ಟೆಂಬರಿನ ದರಕ್ಕೆ ಕಟ್ಟಿಹಾಕಿತ್ತು. ಗಿರ್ಗಾಂವ್, ಕಾಲ್ಬಾದೇವಿಯ ಚಾಳ್‌ಗಳಲ್ಲಿ ಖೋಲಿಯ ಬಾಡಿಗೆ ಏರಲಿಲ್ಲ, ಮಾಲಕರು ರಿಪೇರಿ ಮಾಡಿಸಲಿಲ್ಲ. ಇದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಬಾಡಿಗೆಯನ್ನು ಹೀಗೆ ಹೆಪ್ಪುಗಟ್ಟಿಸಿಡುವುದು ಇನ್ನು ನ್ಯಾಯಸಮ್ಮತವಲ್ಲ ಎಂದಿತು. ಮೊಕದ್ದಮೆಯ ಹೆಸರು ‘ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರಕಾರ’. ಆ ‘ಮಲ್ಪೆ’ ನಮ್ಮವರ ಕಿವಿಗೆ ಬೀಳದೆ ಇರದು. ಬಳಿಕ ಬಂದ ಹೊಸ ಕಾಯಿದೆ 2000ದ ಮಾರ್ಚ್ 31ರಂದು ಜಾರಿಯಾಗಿ, ವರ್ಷಕ್ಕೆ ಶೇ. 4ರಷ್ಟು ಏರಿಕೆಗೆ ಅವಕಾಶ ಕೊಟ್ಟಿತು. ಇನ್ನೂರು ರೂಪಾಯಿ ಬಾಡಿಗೆಗೆ ಎಂಟು ರೂಪಾಯಿ! ಹಳೆಯ ಮಾಲಕರಿಗೆ ಇದರಿಂದ ಏನು ಸಿಕ್ಕಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಗಡಿ ವ್ಯವಹಾರಕ್ಕೆ ಮಾತ್ರ ಕಾನೂನಿನ ಮಾನ್ಯತೆ ದೊರೆಯಿತು. ಪಗಡಿ ಜಾಗದಲ್ಲಿ ವ್ಯಾಪಾರ ನಡೆಸುವವರಿಗೆ ಅದು ಸಣ್ಣ ಸಂಗತಿಯೇನಲ್ಲ. ಬ್ಯಾಂಕುಗಳು ಮತ್ತು ಒಂದು ಕೋಟಿ ರೂ. ಅಥವಾ ಅದಕ್ಕೂ ಹೆಚ್ಚು ಪಾವತಿ ಬಂಡವಾಳವಿರುವ ಕಂಪೆನಿಗಳು ಬಾಡಿಗೆದಾರರಾಗಿದ್ದರೆ ಈ ರಕ್ಷಣೆ ಇಲ್ಲ.

ಇಂದು ಫ್ಲ್ಯಾಟ್ ಕೊಡುವವರಿಗೂ ಪಡೆಯುವವರಿಗೂ ಮುಖ್ಯವಾದುದು ಇದೇ ಕಾಯಿದೆಯ 55ನೇ ಮತ್ತು 24ನೇ ಕಲಮುಗಳು. ಹನ್ನೊಂದು ತಿಂಗಳ ಕರಾರಾದರೆ ನೋಂದಣಿ ಬೇಡ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಒಂದು ವರ್ಷ ಮೀರಿದ ಲೀಸಿಗೆ ನೋಂದಣಿ ಕಡ್ಡಾಯ ಎನ್ನುವ 1908ರ ನೋಂದಣಿ ಕಾಯಿದೆಯಿಂದ ಹುಟ್ಟಿದ ರೂಢಿ ಇದು. ಮಹಾರಾಷ್ಟ್ರದಲ್ಲಿ ಅದು ನಡೆಯುವುದಿಲ್ಲ. ಲೀವ್ ಆ್ಯಂಡ್ ಲೈಸೆನ್ಸ್ ಕರಾರು ಎಷ್ಟೇ ತಿಂಗಳದ್ದಾಗಲಿ ಬರಹದಲ್ಲಿದ್ದು ನೋಂದಣಿ ಆಗಲೇಬೇಕು, ಮತ್ತು ಆ ಹೊಣೆ ಮಾಲಕನದ್ದು. ತಪ್ಪಿದರೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂ.ವರೆಗೆ ದಂಡ, ಇಲ್ಲವೇ ಎರಡೂ. ಅದಕ್ಕಿಂತಲೂ ಬಿಸಿ ತಟ್ಟುವ ಮಾತೆಂದರೆ, ನೋಂದಣಿ ಇಲ್ಲದಿದ್ದಲ್ಲಿ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ಊರ್ಜಿತ. ಅಲ್ಲವೆಂದು ಸಾಬೀತುಪಡಿಸುವ ಕಷ್ಟ ಮಾಲಕನಿಗೆ. ಊರಿನಲ್ಲಿ ಕುಳಿತ ಎಪ್ಪತ್ತರ ವೃದ್ಧರು ಇದನ್ನು ಎಲ್ಲಿ ಸಾಬೀತುಪಡಿಸಿಯಾರು?

ಕರಾರು ಕೈಯಲ್ಲಿದ್ದರೆ ಚಿತ್ರವೇ ಬೇರೆ. ವಾಸದ ಮನೆಯ ಅವಧಿ ಮುಗಿದೂ ಬಿಡದವರ ವಿರುದ್ಧ 24ನೇ ಕಲಮಿನಂತೆ ನೇರವಾಗಿ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಇಮ್ಮಡಿ ಬಾಡಿಗೆಯನ್ನೂ ಕೇಳಬಹುದು. ಬರಹದ ಕರಾರೇ ಅಲ್ಲಿ ನಿರ್ಣಾಯಕ ಸಾಕ್ಷಿ.

ಇದಕ್ಕೆ ತಗಲುವ ಖರ್ಚಾದರೂ ಎಷ್ಟು? ತಿಂಗಳಿಗೆ 25,000 ರೂ. ಬಾಡಿಗೆ, ಒಂದು ಲಕ್ಷ ಡಿಪಾಸಿಟ್, 11 ತಿಂಗಳು ಎಂದಿಟ್ಟುಕೊಳ್ಳೋಣ. ಒಟ್ಟು ಬಾಡಿಗೆ 2,75,000 ರೂ.; ಡಿಪಾಸಿಟ್ ಮೇಲೆ ಶೇ. 10ರಂತೆ ಲೆಕ್ಕ ಹಿಡಿಯುವ ಬಡ್ಡಿ ಸುಮಾರು 9,167 ರೂ. ಇವೆರಡರ ಮೊತ್ತದ ಶೇ. 0.25 ಎಂದರೆ ಮುದ್ರಾಂಕ ಶುಲ್ಕ 710 ರೂ. ಆಸುಪಾಸು. ನಗರ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000 ರೂ. ದಲಾಲರ ಕಮಿಷನ್ ಎದುರು ಇದು ಲೆಕ್ಕಕ್ಕೇ ಇಲ್ಲ. ಆಧಾರ್, ಬೆರಳಚ್ಚು ಇದ್ದರೆ ಆನ್‌ಲೈನ್‌ನಲ್ಲಿಯೇ ಕೆಲಸ ಮುಗಿಯುತ್ತದೆ.

ಬಾಡಿಗೆದಾರರ ಪಾಲಿಗೂ ಈ ಕಾಗದವೇ ಆಧಾರ. ಎರಡು ತಿಂಗಳ ಮಿತಿ ಇಲ್ಲಿ ಇಲ್ಲದಿರುವುದರಿಂದ ಡಿಪಾಸಿಟ್ ಎಷ್ಟೆಂಬುದು ಮಾತುಕತೆಯ ಮೇಲೆಯೇ ನಿಂತಿದೆ. ನಗದಾಗಿ ಕೊಟ್ಟ ಲಕ್ಷ ರೂಪಾಯಿಗೆ ಪಾಸ್‌ಬುಕ್ಕಿನಲ್ಲಿ ಗುರುತು ಇರುವುದಿಲ್ಲ. ಚೆಕ್ಕಿನಲ್ಲಿ ಕೊಟ್ಟು ಅದರ ನಂಬರನ್ನು ಕರಾರಿನಲ್ಲೇ ಬರೆಸಬೇಕು. ಹನ್ನೊಂದು ತಿಂಗಳು ಮುಗಿದ ಮೇಲೂ ಮುಂದುವರಿಯುವುದಾದರೆ ಹಳೆಯ ಕರಾರಿನ ತಾರೀಕು ತಿದ್ದಿ ಸಹಿ ಹಾಕಿದರೆ ಸಾಲದು, ಹೊಸ ಕರಾರಿಗೆ ಹೊಸ ನೋಂದಣಿಯೇ ಆಗಬೇಕು.