ನಿಸ್ತಂತು ಜಾಲವು ದಾರಿ ಹುಡುಕುವ ಬಗೆ

ತಂತಿ ತಲಪದ ಮನೆಗೆ ಅಂತರಜಾಲವನ್ನು ತಲಪಿಸುವುದು ಹೇಗೆ? ಈ ಶತಮಾನದ ಮೊದಲ ವರ್ಷಗಳಲ್ಲಿ ಬರ್ಲಿನ್ ನಗರದ ಪೂರ್ವಭಾಗದ ಕೆಲವು ಬಡಾವಣೆಗಳವರಿಗೆ ಈ ಪ್ರಶ್ನೆ ಎದುರಾಯಿತು. ಎರಡು ಜರ್ಮನಿಗಳು ಒಂದಾದ ಮೇಲೆ ಅಲ್ಲಿ ದೂರವಾಣಿಗಾಗಿ ತಾಮ್ರದ ತಂತಿಗೆ ಬದಲು ಗಾಜಿನ ಎಳೆಗಳನ್ನು ಹಾಸಿದ್ದರು. ಆದುದರಿಂದ ತಾಮ್ರದ ತಂತಿಯಲ್ಲಿ ಮಾತ್ರ ಹರಿಯಬಲ್ಲ ಡಿ.ಎಸ್.ಎಲ್. ಸಂಪರ್ಕ ಆ ಮನೆಗಳಿಗೆ ದೊರೆಯದೆ ಹೋಯಿತು. ಆಗ ನಿವಾಸಿಗಳು ‘ಫ್ರೈಫುಂಕ್’ ಎಂಬ ಹೆಸರಿನಲ್ಲಿ ಒಟ್ಟುಗೂಡಿ, ಮಾಳಿಗೆಗಳ ಮೇಲೆ ಆಂಟೆನಾಗಳನ್ನು ನಿಲ್ಲಿಸಿ, ಅಗ್ಗದ ವೈ-ಫೈ ರೂಟರುಗಳಿಂದ ತಮ್ಮದೇ ಒಂದು ಜಾಲವನ್ನು ಹೆಣೆದರು.

ಇಂಥದಕ್ಕೆ ಮೆಶ್ ಜಾಲವೆಂದು ಹೆಸರು. ಬಲೆಯ ಒಂದೊಂದು ಗಂಟೂ ನೆರೆಯ ಗಂಟುಗಳಿಗೆ ಸೇರಿರುವಂತೆ ಇಲ್ಲಿ ಒಂದೊಂದು ರೂಟರೂ ನೆರೆಯ ರೂಟರುಗಳೊಡನೆ ಮಾತನಾಡುತ್ತದೆ. ಎಲ್ಲವನ್ನೂ ನಡೆಸುವ ಯಜಮಾನ ಯಂತ್ರವಿಲ್ಲ. ಬಂದ ಸಂದೇಶವನ್ನು ಯಾರಿಗೆ ದಾಟಿಸಬೇಕೆಂಬುದನ್ನು ಆಯಾ ರೂಟರಿನ ಸಾಫ್ಟ್‌ವೇರೇ ನಿರ್ಧರಿಸಬೇಕು. ಇದಕ್ಕಾಗಿ ಬರ್ಲಿನ್ನಿನವರು ಆರಿಸಿಕೊಂಡದ್ದು ಓ.ಎಲ್.ಎಸ್.ಆರ್. ಎಂಬ ಕ್ರಮವನ್ನು. ೨೦೦೩ರಲ್ಲಿ ಪ್ರಕಟವಾದ ಅದರ ನಿಯಮಗಳು ಬಳಕೆಗೆ ಬಂದಾಗ ಕೆಲವು ತೊಡಕುಗಳು ಕಂಡುಬಂದುವು.

ಮೊದಲನೆಯದು, ನೆಗೆತಗಳ ಲೆಕ್ಕ. ಅತಿ ಕಡಮೆ ನೆಗೆತಗಳ ದಾರಿಯೇ ಉತ್ತಮವೆಂದು ಆ ನಿಯಮ ಎಣಿಸಿತ್ತು. ಆದರೆ ಕಡಮೆ ನೆಗೆತವೆಂದರೆ ಉದ್ದನೆಯ ನೆಗೆತ. ಉದ್ದನೆಯ ನೆಗೆತವೆಂದರೆ ಕ್ಷೀಣವಾದ ಅಲೆ. ಇದಕ್ಕೆ ಪರಿಹಾರ ೨೦೦೩ರಲ್ಲೇ ಅಮೆರಿಕದ ಎಂ.ಐ.ಟಿ.ಯ ಸಂಶೋಧಕರಿಂದ ಬಂದಿತು. ಒಂದು ಸಂದೇಶ ಮುಟ್ಟಬೇಕಾದರೆ ಸರಾಸರಿ ಎಷ್ಟು ಸಲ ಕಳುಹಿಸಬೇಕಾದೀತೆಂದು ಎಣಿಸಿರೆಂದು ಅವರು ಸೂಚಿಸಿದರು. ಉದಾಹರಣೆಗೆ, ನೇರ ದಾರಿಯಲ್ಲಿ ಹೋಗುವ ಸಂದೇಶಗಳಲ್ಲಿ ಅರ್ಧವೂ ಮರಳುವ ರಸೀತಿಗಳಲ್ಲಿ ಅರ್ಧವೂ ಕಳೆದುಹೋಗುತ್ತವೆನ್ನೋಣ. ನಾಲ್ಕರಲ್ಲಿ ಒಂದು ಪ್ರಯತ್ನ ಮಾತ್ರ ಸಫಲವಾದೀತು. ಎಂದರೆ ೪ ಸಲ ಕಳುಹಿಸಬೇಕು. ಎರಡು ನೆಗೆತಗಳ ಬಳಸುದಾರಿಯ ಒಂದೊಂದು ನೆಗೆತದಲ್ಲಿಯೂ ಹತ್ತರಲ್ಲಿ ಒಂಬತ್ತು ಸಂದೇಶಗಳೂ ಅಷ್ಟೇ ರಸೀತಿಗಳೂ ಮುಟ್ಟುವುದಾದರೆ, ಒಟ್ಟು ಸುಮಾರು ೨.೫ ಸಲ ಕಳುಹಿಸಿದರೆ ಸಾಕು. ಬಳಸುದಾರಿಯೇ ಹತ್ತಿರದ ದಾರಿ! ಬರ್ಲಿನ್ನಿನ ಸಾಫ್ಟ್‌ವೇರೂ ಈ ಲೆಕ್ಕವನ್ನು ಅಳವಡಿಸಿಕೊಂಡಿತು.

ಎರಡನೆಯದು, ಸುತ್ತಾಟ. ಓ.ಎಲ್.ಎಸ್.ಆರ್.ನಲ್ಲಿ ಒಂದೊಂದು ರೂಟರೂ ಇಡೀ ಜಾಲದ ನಕ್ಷೆಯನ್ನು ಇಟ್ಟುಕೊಳ್ಳುತ್ತದೆ. ಒಂದು ಕೊಂಡಿ ಕೆಟ್ಟಿತೆನ್ನಿ. ಆ ಸುದ್ದಿ ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಮುಟ್ಟದು. ಸುದ್ದಿ ತಿಳಿದ ‘ಅ’ ಸಂದೇಶವನ್ನು ‘ಆ’ಗೆ ಕೊಡುತ್ತದೆ, ಹಳೆಯ ನಕ್ಷೆಯನ್ನು ನಂಬಿದ ‘ಆ’ ಅದನ್ನು ‘ಅ’ಗೇ ಹಿಂದಿರುಗಿಸುತ್ತದೆ. ಆಯುಸ್ಸು ತೀರುವವರೆಗೂ ಸಂದೇಶ ಇವೆರಡರ ನಡುವೆಯೇ ಅಲೆಯುತ್ತದೆ. ಸುದ್ದಿಯನ್ನು ಪದೇ ಪದೇ ಎಲ್ಲೆಡೆಗೂ ಸಾರಿದರೆ ಜಾಲವೆಲ್ಲ ಸುದ್ದಿಯಿಂದಲೇ ತುಂಬಿಹೋಗುತ್ತದೆ. ಆದುದರಿಂದ ನೆರೆಯವರಿಗೆ ಆಗಾಗ, ದೂರದವರಿಗೆ ಅಪರೂಪವಾಗಿ ಸಾರುವ ಉಪಾಯವನ್ನು ಹೂಡಿದರು. ದೂರದ ಊರಿಗೆ ಹೊರಟವನಿಗೆ ಆ ಊರಿನ ಓಣಿಗಳ ವಿವರ ಹೊರಡುವಾಗಲೇ ಬೇಕಿಲ್ಲವಷ್ಟೆ. ಹತ್ತಿರ ಹೋದಂತೆ ತಿಳಿದರಾಯಿತು.

ಆದರೂ ನೂರಾರು ಮಾಳಿಗೆಗಳ ನಕ್ಷೆಯನ್ನು ಬಿಡಿಸುತ್ತ ಕೂರುವುದು ಅಗ್ಗದ ರೂಟರಿಗೆ ಹೊರಲಾರದ ಹೊರೆ. ನಕ್ಷೆಯೇ ಬೇಡವೆಂದರೆ? ಈ ಯೋಚನೆಯಿಂದ ಅದೇ ಬಳಗದಲ್ಲಿ ‘ಬ್ಯಾಟ್‌ಮ್ಯಾನ್’ ಎಂಬ ಹೊಸ ಕ್ರಮ ಹುಟ್ಟಿತು. ಇಲ್ಲಿ ಪ್ರತಿ ರೂಟರೂ ‘ನಾನಿದ್ದೇನೆ’ ಎಂಬ ಚಿಕ್ಕ ಸಂದೇಶವನ್ನು ಕ್ರಮಸಂಖ್ಯೆಯೊಡನೆ ಸಾರುತ್ತದೆ. ಉಳಿದವು ಅದನ್ನು ದಾಟಿಸುತ್ತವೆ. ಯಾವ ನೆರೆಯವನ ಮೂಲಕ ಹೆಚ್ಚು ಸಂಖ್ಯೆಗಳು ಬಂದುವೋ ಅವನ ಕಡೆಯೇ ದಾರಿ.

ಇಲ್ಲಿಯೂ ಒಂದು ತೊಡಕುಂಟು. ಗಟ್ಟಿ ದನಿಯವನ ಮಾತು ನಮಗೆ ಕೇಳಿಸಿತೆಂದ ಮಾತ್ರಕ್ಕೆ ನಮ್ಮ ಮಾತು ಅವನಿಗೆ ಕೇಳಿಸೀತೆ? ಮುಂದಿನ ಆವೃತ್ತಿಯಲ್ಲಿ ಇದನ್ನೂ ಸರಿಪಡಿಸಿದರು. ತಾನು ಸಾರಿದ ಸಂದೇಶಗಳಲ್ಲಿ ಎಷ್ಟನ್ನು ನೆರೆಯವನು ಮರಳಿ ನುಡಿದನೆಂಬುದನ್ನೂ ರೂಟರ್ ಎಣಿಸತೊಡಗಿತು. ಈ ಕ್ರಮದ ಒಂದು ರೂಪವು ೨೦೧೧ರಲ್ಲಿ ಲಿನಕ್ಸ್ ಕರ್ನೆಲ್‌ಗೆ ಸೇರಿತು.

ಹೀಗೆ, ಮೆಶ್ ಜಾಲದ ಬಲವು ರೂಟರುಗಳು ತಮ್ಮ ನೆರೆಯವರನ್ನು ಎಷ್ಟು ಸರಿಯಾಗಿ ಅರಿತಿವೆ ಎಂಬುದರಲ್ಲಿದೆ. ಆ ಅರಿವು ಹಳತಾದಲ್ಲಿ ಅಥವಾ ಒಮ್ಮುಖವಾದಲ್ಲಿ, ಮಾಳಿಗೆಯ ಮೇಲಿನ ಆಂಟೆನಾ ಎಷ್ಟು ಉತ್ತಮವಾದುದಾದರೂ ಕೆಳಗಿನ ಮನೆಗೆ ಸಂದೇಶ ಬಾರದು.